ನಮ್ಮ ಮಗು ನೋಡಿ ಕಲಿಯುತ್ತೋ, ಕೇಳಿ ಕಲಿಯುತ್ತೋ?

ಪ್ರಶ್ನೆ: ಸಾರ್, ನಮ್ಮ ಮಗಳು ಏಳನೇ ಕ್ಲಾಸು. ಮೊಬೈಲಿನಲ್ಲಿ ಒಂದು ಟೆಸ್ಟ್ ಮಾಡಿಸಿದೆವು. ಅವಳು ನೋಡಿ ಕಲಿಯುವವಳಂತೆ, ಕೇಳಿದ್ದು ತಲೆಗೆ ಹೋಗಲ್ಲವಂತೆ. ಟ್ಯೂಷನ್ ಬಿಡಿಸಿ ವಿಡಿಯೊ ಹಾಕಿಕೊಡಬೇಕಾ?

ಉತ್ತರ: ಬೇಡ. ಟ್ಯೂಷನ್ ಬಿಡಿಸುವುದಿದ್ದರೆ ಬೇರೆ ಕಾರಣಕ್ಕೆ ಬಿಡಿಸಿ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಈ ಪ್ರಶ್ನೆ ಎಷ್ಟು ಸಲ ಬಂದಿದೆ ಅಂತ ಎಣಿಸುವುದನ್ನೇ ನಾನು ಬಿಟ್ಟಿದ್ದೇನೆ. ಪೋಷಕರ ಸಭೆಯಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಊಟದ ಎಲೆ ಮುಂದೆ ಕೂತಾಗಲೂ ಕೇಳುತ್ತಾರೆ. ಅದಕ್ಕೇ ಇವತ್ತು ಪೂರ್ತಿ ಬರೆದುಬಿಡುತ್ತೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುವುದು.

ಮಕ್ಕಳು ಒಬ್ಬರಂತೆ ಒಬ್ಬರು ಇರುವುದಿಲ್ಲ. ಇದರಲ್ಲಿ ಜಗಳವೇ ಇಲ್ಲ. ಜಗಳ ಇರುವುದು ಮುಂದಿನ ಮಾತಿನಲ್ಲಿ. ಒಂದು ಮಗು ಕಣ್ಣಿನದು, ಇನ್ನೊಂದು ಕಿವಿಯದು, ಮತ್ತೊಂದು ಕೈಯದು, ಆಯಾ ದಾರಿಯಲ್ಲಿ ಪಾಠ ಮಾಡಿದರೆ ಮಾತ್ರ ತಲೆಗೆ ಹೋಗುತ್ತದೆ ಎನ್ನುತ್ತಾರಲ್ಲ, ಅದರಲ್ಲಿ. ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ 1992ರಲ್ಲಿ ನೋಡಿ, ಕೇಳಿ, ಓದಿ-ಬರೆದು, ಮಾಡಿ ಅಂತ ನಾಲ್ಕು ಬಗೆ ಮಾಡಿ ಒಂದು ಪ್ರಶ್ನಾವಳಿ ಕೊಟ್ಟರು. ಇಂಥ ವಿಂಗಡಣೆ ಅವರೊಬ್ಬರದೇ ಅಲ್ಲ. 2004ರಲ್ಲಿ ಬ್ರಿಟನ್ನಿನಲ್ಲಿ ಲೆಕ್ಕ ಹಾಕಿದಾಗ ಇಂಥ 71 ಮಾದರಿಗಳು ಸಿಕ್ಕವು. ಒಂದು ರೋಗಕ್ಕೆ 71 ಔಷಧಿ ಇದ್ದರೆ ಏನು ಅರ್ಥ, ನೀವೇ ಹೇಳಿ.

ಇದನ್ನು ಪರೀಕ್ಷೆ ಮಾಡುವುದು ಕಷ್ಟವೇನಲ್ಲ. 'ಕಣ್ಣಿನ' ಮಕ್ಕಳಲ್ಲಿ ಅರ್ಧ ಜನಕ್ಕೆ ಚಿತ್ರ ತೋರಿಸಿ, ಉಳಿದರ್ಧಕ್ಕೆ ಬರೀ ಬಾಯಲ್ಲಿ ಹೇಳಿ. 'ಕಿವಿಯ' ಮಕ್ಕಳಿಗೂ ಹಾಗೇ ಮಾಡಿ. ಆಮೇಲೆ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಡಿ. ಕಣ್ಣಿನವರು ಚಿತ್ರದಿಂದಲೂ ಕಿವಿಯವರು ಮಾತಿನಿಂದಲೂ ಜಾಸ್ತಿ ಅಂಕ ತೆಗೆದರೆ ಮಾತು ನಿಜ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇನ್ನು ಮೂವರು ಮನಶ್ಶಾಸ್ತ್ರಜ್ಞರು ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿದರು. ಹೀಗೆ ಸರಿಯಾಗಿ ಪರೀಕ್ಷೆ ಮಾಡಿದವೇ ಬೆರಳೆಣಿಕೆಯಷ್ಟು. ಅವುಗಳಲ್ಲೂ ಹಲವು ಉಲ್ಟಾ ಹೇಳುತ್ತಿದ್ದವು. 2015ರಲ್ಲಿ ಅಮೆರಿಕದಲ್ಲಿ ದೊಡ್ಡವರ ಮೇಲೆ ಇನ್ನೊಂದು ಪರೀಕ್ಷೆ ಆಯಿತು. ಒಂದೇ ಬರಹವನ್ನು ಕೆಲವರಿಗೆ ಓದಲು ಕೊಟ್ಟರು, ಕೆಲವರಿಗೆ ಕೇಳಿಸಿದರು. 'ತಮ್ಮ ದಾರಿ' ಸಿಕ್ಕವರಿಗೆ ಅದರಿಂದ ಏನೂ ಲಾಭ ಆಗಲಿಲ್ಲ.

"ಆದರೂ ಸಾರ್, ಅವಳಿಗೆ ವಿಡಿಯೊ ಇಷ್ಟ." ಇಷ್ಟ ಇರಲಿ. ನನಗೆ ಬೋಂಡಾ ಇಷ್ಟ. ಇಷ್ಟವಾಗುವುದು ಬೇರೆ, ಮೈಗೆ ಹತ್ತುವುದು ಬೇರೆ. ಕರ್ನಾಟಕದ ನಕ್ಷೆಯನ್ನು ಎಂಥ 'ಕಿವಿಯ' ಮಗುವೂ ನೋಡಿಯೇ ಕಲಿಯಬೇಕು. ಪದ್ಯದ ರಾಗವನ್ನು 'ಕಣ್ಣಿನ' ಮಗುವೂ ಕೇಳಿಯೇ ಕಲಿಯಬೇಕು. ರಾಗಿ ಮುದ್ದೆ ಗಂಟಿಲ್ಲದೆ ಬರಬೇಕಾದರೆ ಯಾರೇ ಆಗಲಿ ಕೋಲು ಹಿಡಿಯಲೇಬೇಕು. ದಾರಿ ಯಾವುದು ಅಂತ ಹೇಳುವುದು ಕಲಿಯುವ ವಿಷಯ, ಮಗುವಿನ ಜಾತಕ ಅಲ್ಲ.

ಈಗ ಬೆರಳಚ್ಚಿನ ಟೆಸ್ಟೂ ಬಂದಿದೆ. ಹತ್ತು ಬೆರಳು ಸ್ಕ್ಯಾನ್ ಮಾಡಿ, ಬಣ್ಣಬಣ್ಣದ ರಿಪೋರ್ಟ್ ಕೊಟ್ಟು, ಮಗು ಹೀಗೆ ಕಲಿಯುತ್ತದೆ, ಮುಂದೆ ಈ ಕೆಲಸಕ್ಕೆ ಸರಿ ಎನ್ನುತ್ತಾರೆ. ಬೆರಳಿನ ಗೆರೆ ಹುಟ್ಟುವ ಮೊದಲೇ ಮೂಡುವಂಥದ್ದು. ಅದರಿಂದ ಆಧಾರ್ ಕಾರ್ಡು ಮಾಡಬಹುದು, ಭಾಗಾಕಾರ ಯಾಕೆ ಬರುತ್ತಿಲ್ಲ ಅಂತ ಹೇಳಲಾಗುವುದಿಲ್ಲ. ಆ ದುಡ್ಡಲ್ಲಿ ಮಗುವಿನ ಕಣ್ಣು ಪರೀಕ್ಷೆ ಮಾಡಿಸಿ. ಸುಮ್ನೆ ಹೇಳುತ್ತಿಲ್ಲ. ಬೋರ್ಡು ಕಾಣದೆ ಹಿಂದಿನ ಬೆಂಚಿನಲ್ಲಿ ಕೂತು 'ದಡ್ಡ' ಅನ್ನಿಸಿಕೊಂಡವರು ಪ್ರತಿ ವರ್ಷ ಸಿಗುತ್ತಾರೆ.

ಹಾಗಾದರೆ ನಿಜವಾದ ವ್ಯತ್ಯಾಸ ಎಲ್ಲಿದೆ? ಬಹುಪಾಲು, ಮಗುವಿಗೆ ಆಗಲೇ ಏನು ಗೊತ್ತಿದೆ ಅನ್ನುವುದರಲ್ಲಿ. ಇದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಆಸುಬೆಲ್ 1968ರಲ್ಲೇ ಬರೆದಿದ್ದಾರೆ. ಮೇಷ್ಟ್ರಾದ ನನಗೆ ಅರ್ಥವಾಗಿದ್ದು ರೇಷ್ಮೆಯ ಊರು ಶಿಡ್ಲಘಟ್ಟಕ್ಕೆ ವರ್ಗವಾದ ಮೇಲೆ.

ನಾನು ತಿಪಟೂರು ಕಡೆಯವನು. ತೆಂಗು ಗೊತ್ತು, ರೇಷ್ಮೆ ಗೊತ್ತಿರಲಿಲ್ಲ. ರೇಷ್ಮೆ ಹುಳುವಿನ ಜೀವನ ಚಕ್ರ ಪಾಠ ಮಾಡಿ ಟೆಸ್ಟ್ ಕೊಟ್ಟೆ. ಸದಾ ಕಿಟಕಿ ಕಡೆ ನೋಡುತ್ತಿದ್ದ ಒಬ್ಬ ಹುಡುಗ, "ಹುಳಕ್ಕೆ ನಾಲ್ಕು ಜ್ವರ ಬರುತ್ತೆ, ಆಮೇಲೆ ಹಣ್ಣಾಗುತ್ತೆ" ಅಂತ ಬರೆದಿದ್ದ. ನಾನು ಕೆಂಪು ಗೀಟು ಎಳೆದು, ಜ್ವರ ಮನುಷ್ಯರಿಗೆ ಅಂತ ಬೇರೆ ಬರೆದೆ. ಕ್ಲಾಸಿನಲ್ಲಿ ಅರ್ಧ ಜನ ನಕ್ಕರು. ಅವನನ್ನಲ್ಲ, ನನ್ನನ್ನು ನೋಡಿ. ಹುಳು ಪೊರೆ ಬಿಡುವುದಕ್ಕೆ ಈ ಸೀಮೆಯಲ್ಲಿ ಜ್ವರ ಅಂತಲೇ ಹೇಳುತ್ತಾರೆ. ಪೊರೆ ಬಿಡುವುದು ನಾಲ್ಕೇ ಸಲ. ಹಣ್ಣಾದ, ಅಂದರೆ ಗೂಡು ಕಟ್ಟಲು ತಯಾರಾದ ಹುಳುವನ್ನು ಚಂದ್ರಿಕೆ ಅನ್ನುವ ತಟ್ಟೆಗೆ ಬಿಡುತ್ತಾರೆ, ಹುಳು ಅಲ್ಲಿ ಗೂಡು ಕಟ್ಟುತ್ತದೆ. ಹುಡುಗ ಬರೆದಿದ್ದು ಪೂರ್ತಿ ಸರಿ. ಮರುದಿನ ಅಂಕ ಕೊಟ್ಟು, ಅವನ ಕೈಯಲ್ಲೇ ಪಾಠ ಮಾಡಿಸಿದೆ. ಸೊಪ್ಪು ಯಾವಾಗ ಹಾಕಬೇಕು, ಜ್ವರದಲ್ಲಿರುವಾಗ ಯಾಕೆ ಹಾಕಬಾರದು, ಎಲ್ಲ ಹೇಳಿದ. ಅದೇ ಹುಡುಗ ವಿದ್ಯುತ್ ಪಾಠಕ್ಕೆ ಬಂದಾಗ ಮತ್ತೆ ಕಿಟಕಿ ಕಡೆ ತಿರುಗಿದ. ಆ ಪಾಠದಲ್ಲಿ ಮೋಟಾರ್ ರಿಪೇರಿಯವರ ಮಗಳು ಎದ್ದು ನಿಂತಳು.

ಈಗ ಹೇಳಿ, ಆ ಹುಡುಗ ಕಣ್ಣಿನವನೋ, ಕಿವಿಯವನೋ?

ವಯಸ್ಸೂ ಒಂದು ವ್ಯತ್ಯಾಸ. ಒಂದೇ ಒಂದನೇ ಕ್ಲಾಸಿನಲ್ಲಿ ಜೂನ್‌ನಲ್ಲಿ ಹುಟ್ಟಿದ ಮಗುವೂ ಇರುತ್ತದೆ, ಮರುವರ್ಷದ ಮೇನಲ್ಲಿ ಹುಟ್ಟಿದ್ದೂ ಇರುತ್ತದೆ. ಆ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಅಂದರೆ ಸಣ್ಣ ಮಾತಲ್ಲ. ಇದನ್ನು ಚೆನ್ನಾಗಿ ಅರಿತದ್ದು ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಯಿತು. ಅದಕ್ಕೆ ಪ್ರೇರಣೆ ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಾಲೆ, ನಮ್ಮ ಗಡಿ ದಾಟಿದರೆ ಆಯಿತು. ನಲಿ-ಕಲಿಯಲ್ಲಿ ಮಕ್ಕಳನ್ನು ಕಣ್ಣು-ಕಿವಿ ಅಂತ ವಿಂಗಡಿಸುವುದಿಲ್ಲ. ಯಾರು ಯಾವ ಮೆಟ್ಟಿಲಲ್ಲಿ ಇದ್ದಾರೋ ಅಲ್ಲಿಂದ ಕಲಿಕೆಯ ಕಾರ್ಡು ಎತ್ತಿಕೊಳ್ಳುತ್ತಾರೆ. ಕಾರ್ಡು ಹರಿದುಹೋಗಿರುತ್ತವೆ, ಅದು ಬೇರೆ ಕಥೆ.

ಇನ್ನೊಂದು ವಿಷಯ ಇದೆ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಾಗೇಪಲ್ಲಿ, ಚಿಂತಾಮಣಿ, ಮುಳಬಾಗಿಲು ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳ ಎಷ್ಟೋ ಮನೆಗಳಲ್ಲಿ ಉರ್ದು. ಮಗು ಹಿಂದೆ ಬಿದ್ದರೆ ಮೊದಲ ತಪ್ಪು ಮನೆಮಾತಿನ ತಲೆಗೆ. ಮನೆಮಾತನ್ನು ನಿಲ್ಲಿಸಬೇಡಿ. ತೆಲುಗಿನಲ್ಲಿ ಭಾಗಾಕಾರ ಅರ್ಥವಾದ ಮಗು ಕನ್ನಡದಲ್ಲಿ ಅದನ್ನು ಮೊದಲಿಂದ ಕಲಿಯಬೇಕಾಗಿಲ್ಲ, ಹೆಸರು ಕಲಿತರೆ ಸಾಕು. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. 1983ರ ಜ್ಞಾನಪೀಠ ಅವರಿಗೆ ಬಂದಿದ್ದು ಕನ್ನಡದ ಬರವಣಿಗೆಗೆ.

ಹೋದ ವರ್ಷ ಒಬ್ಬ ತಂದೆ ಬಂದಿದ್ದರು. "ಮನೇಲಿ ತೆಲುಗು ಬಂದ್ ಮಾಡಿದೀವಿ ಸಾರ್, ಬರೀ ಕನ್ನಡ" ಅಂದರು. ಅವರ ಕನ್ನಡ ಅಂದರೆ ಬಾ, ತಿನ್ನು, ಓದು, ಮಲಗು. ಅಜ್ಜಿಗೆ ಅಷ್ಟೂ ಬರುವುದಿಲ್ಲ. ಹಾಗಾಗಿ ಅಜ್ಜಿ ಮೊಮ್ಮಗನ ಜೊತೆ ಮಾತೇ ಬಿಟ್ಟಿದ್ದರು. ಹೊಲದ ಮಾತು, ಸಂತೆಯ ಲೆಕ್ಕ, ಕಥೆ, ಎಲ್ಲ ನಿಂತುಹೋಗಿತ್ತು. ಮೊದಲು ಅಜ್ಜಿಗೆ ಮಾತಾಡಲು ಬಿಡಿ ಅಂದೆ. ಅರ್ಧ ಗಂಟೆ ವಿವರಿಸಿದೆ. ತಲೆಯಾಡಿಸಿದರು, ಕೈ ಮುಗಿದರು. ಬಾಗಿಲ ತನಕ ಹೋದವರು ತಿರುಗಿ ನಿಂತರು.

"ಸಾರ್, ಇನ್ನೊಂದು ಕೇಳೋದು ಮರೆತೆ. ಇವನು ನೋಡಿ ಕಲಿಯೋನಾ, ಕೇಳಿ ಕಲಿಯೋನಾ?"