ಪಂದ್ಯ ಮುಗಿದ ಮೇಲೆ ಸ್ಟೇಡಿಯಂಗೆ ಯಾರು ದಿಕ್ಕು?

ಒಲಿಂಪಿಕ್ಸ್ ಎರಡು ಮೂರು ವಾರದಲ್ಲಿ ಮುಗಿದುಹೋಗುತ್ತದೆ. ಅದಕ್ಕೆಂದು ಕಟ್ಟಿದ ಸ್ಟೇಡಿಯಂ ಮಾತ್ರ ಅಲ್ಲೇ ನಿಂತಿರುತ್ತದೆ, ಹತ್ತಾರು ವರ್ಷ. 2004ರಲ್ಲಿ ಅಥೆನ್ಸ್ ತನ್ನ ಹಳೆಯ ವಿಮಾನ ನಿಲ್ದಾಣದ ಜಾಗದಲ್ಲಿ ಸಾಫ್ಟ್‌ಬಾಲ್ ಮೈದಾನ ಕಟ್ಟಿತು, ದೋಣಿ ಸ್ಪರ್ಧೆಗೆ ಕೃತಕ ಕಾಲುವೆ ಮಾಡಿತು. ಗ್ರೀಸ್‌ನಲ್ಲಿ ಸಾಫ್ಟ್‌ಬಾಲ್ ಆಡುವವರೇ ಕಡಿಮೆ. ಕೂಟ ಮುಗಿದ ಮೇಲೆ ವರ್ಷಗಟ್ಟಲೆ ಅವೆಲ್ಲ ಪಾಳು ಬಿದ್ದವು, ಕಾಲುವೆ ಒಣಗಿತು.

ಹಾಗಂತ ಎಲ್ಲ ಕಡೆ ಹೀಗೇ ಅಂದುಕೊಳ್ಳಬೇಡಿ. 1896ರಿಂದ ಒಲಿಂಪಿಕ್ಸ್ ನಡೆದ 817 ಕಾಯಂ ತಾಣಗಳಲ್ಲಿ ಶೇ 85ರಷ್ಟು ಇನ್ನೂ ಬಳಕೆಯಲ್ಲಿವೆ ಎಂದು ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2022ರಲ್ಲಿ ಲೆಕ್ಕ ಕೊಟ್ಟಿತು. ಬಳಕೆಯಲ್ಲಿದೆ ಅಂದರೆ ಹಾಕಿದ ಹಣ ವಾಪಸ್ ಬರುತ್ತಿದೆ ಅಂತ ಅರ್ಥವಲ್ಲ, ಅದು ಬೇರೆ ಮಾತು.

ನನ್ನನ್ನು ತುಂಬಾ ಕಾಡಿದ್ದು ಓಟದ ಟ್ರ್ಯಾಕ್. ಮುಖ್ಯ ಸ್ಟೇಡಿಯಂನಲ್ಲಿ ಓಟಕ್ಕೆ 400 ಮೀಟರ್ ಟ್ರ್ಯಾಕ್ ಬೇಕೇ ಬೇಕು. ಆಮೇಲೆ ಅಷ್ಟು ಸೀಟು ತುಂಬಿಸುವ ಶಕ್ತಿ ಇರುವುದು ಹೆಚ್ಚಿನ ದೇಶಗಳಲ್ಲಿ ಫುಟ್‌ಬಾಲ್‌ಗೆ ಮಾತ್ರ. ಈ ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಟ್ರ್ಯಾಕ್‌ನ ಒಳಗಿನ ಜಾಗ ಉದ್ದಕ್ಕೆ ಸುಮಾರು 157 ಮೀಟರ್, ಫುಟ್‌ಬಾಲ್ ಅಂಗಳ 105 ಮೀಟರ್. ಎರಡು ತುದಿಯಲ್ಲೂ 26 ಮೀಟರ್ ಖಾಲಿ ಉಳಿಯಿತು. ಅದಕ್ಕೆ ಎಂಟು ಲೇನ್‌ಗಳ ಅಗಲ, ಹತ್ತಿರ ಹತ್ತಿರ 10 ಮೀಟರ್, ಸೇರಿಸಿ. ಗೋಲ್ ಹಿಂದೆ ಮೊದಲ ಸಾಲಿನಲ್ಲಿ ಕೂತವರಿಗೂ ಆಟ 36 ಮೀಟರ್ ಆಚೆ. ಮೇಲಿನ ಸಾಲಿನವರ ಪಾಡು ನೀವೇ ಯೋಚಿಸಿ.

ಇದನ್ನು ಮ್ಯಾಂಚೆಸ್ಟರ್ ಬಿಡಿಸಿದ ರೀತಿ ನನಗೆ ಬಹಳ ಇಷ್ಟ. 2002ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಕಟ್ಟುವಾಗಲೇ ಇದು ಮುಂದೆ ಮ್ಯಾಂಚೆಸ್ಟರ್ ಸಿಟಿ ತಂಡದ ಮನೆ ಅಂತ ಗೊತ್ತಿತ್ತು. ಹಾಗಾಗಿ ಜನ ಕೂರುವ ಕೆಳಗಿನ ಹಂತದ ಮೆಟ್ಟಿಲುಗಳನ್ನು ಮೊದಲೇ ಕಟ್ಟಿ, ಮಣ್ಣು ಮುಚ್ಚಿ, ಅದರ ಮೇಲೆ ಟ್ರ್ಯಾಕ್ ಹಾಸಿದರು! ಕೂಟ ಮುಗಿಯಿತು, ಟ್ರ್ಯಾಕ್ ಎತ್ತಿ ಬೇರೆ ಕಡೆ ಹಾಕಿದರು, ಮಣ್ಣು ತೆಗೆದರು, ಅಂಗಳ ಕೆಳಗಿಳಿಯಿತು, ಹೂತಿಟ್ಟ ಮೆಟ್ಟಿಲು ಹೊರಗೆ ಬಂತು. 38,000 ಜನರ ಜಾಗ ಸುಮಾರು 48,000 ಆಯಿತು. 2003ರಲ್ಲಿ ಅಲ್ಲಿ ಫುಟ್‌ಬಾಲ್ ಶುರು.

ಲಂಡನ್ ಬೇರೆ ದಾರಿ ಹಿಡಿಯಿತು. 2012ರ ಸ್ಟೇಡಿಯಂನ 80,000 ಸೀಟುಗಳಲ್ಲಿ 55,000 ತಾತ್ಕಾಲಿಕ, ಕೂಟದ ನಂತರ ಮೇಲಿನ ಹಂತ ಬಿಚ್ಚಿ 25,000 ಸೀಟಿನ ಓಟದ ಅಂಗಳ ಉಳಿಸಿಕೊಳ್ಳೋಣ ಎಂಬ ಯೋಚನೆ. ಯೋಚನೆ ಚೆನ್ನಾಗಿಯೇ ಇತ್ತು. ಆದರೆ ಆಮೇಲೆ ಮನಸ್ಸು ಬದಲಾಯಿತು, ವೆಸ್ಟ್ ಹ್ಯಾಮ್ ಫುಟ್‌ಬಾಲ್ ತಂಡ ಬರುತ್ತದೆ ಎಂದಾಯಿತು. ಆಗ ಹೊಸ ಚಾವಣಿ ಬೇಕಾಯಿತು. ಟ್ರ್ಯಾಕ್ ಮೇಲೆ ಮುಂದೆ ಬಂದು, ಮತ್ತೆ ಹಿಂದೆ ಸರಿಯುವ ಸೀಟುಗಳೂ ಬೇಕಾದವು. ಈ ಬದಲಾವಣೆಗೆ ಆದ ಖರ್ಚು 32.3 ಕೋಟಿ ಪೌಂಡ್. ಅದರಲ್ಲೂ ಆ ಸೀಟುಗಳನ್ನು ಸರಿಸುವುದು ಗುಂಡಿ ಒತ್ತಿದಂತಲ್ಲ, ಪ್ರತಿ ಸಲವೂ ದಿನಗಟ್ಟಲೆ ಕೆಲಸ.

ಅದೇ ಲಂಡನ್ ಈಜುಕೊಳದ ವಿಷಯದಲ್ಲಿ ಗೆದ್ದಿತು. ಕಟ್ಟಡದ ಎರಡು ಪಕ್ಕಕ್ಕೂ ರೆಕ್ಕೆಗಳ ಹಾಗೆ ತಾತ್ಕಾಲಿಕ ಗ್ಯಾಲರಿ ಜೋಡಿಸಿದ್ದರು, ಆಗ 17,500 ಜನ ಕೂರುತ್ತಿದ್ದರು. ರೆಕ್ಕೆ ಬಿಚ್ಚಿ ಗಾಜು ಹಾಕಿದ ಮೇಲೆ ಉಳಿದದ್ದು ಸುಮಾರು 2,500 ಸೀಟು. ಸಾಮಾನ್ಯ ದಿನಗಳಲ್ಲಿ ಈಜು ನೋಡಲು ಅಷ್ಟು ಸಾಕಲ್ವಾ? ಕೊಳದ ನೀರನ್ನು, ಒಳಗಿನ ಗಾಳಿಯನ್ನು ವರ್ಷವಿಡೀ ಬೆಚ್ಚಗಿಡಬೇಕು. ಕಟ್ಟಡ ದೊಡ್ಡದಾದಷ್ಟೂ ಆ ಖರ್ಚು ಜಾಸ್ತಿ. 2014ರಿಂದ ಅಲ್ಲಿ ಯಾರು ಬೇಕಾದರೂ ಟಿಕೆಟ್ ತಗೊಂಡು ಈಜಬಹುದು.

ಕೆಲವೊಮ್ಮೆ ಕ್ರೀಡೆಯನ್ನೇ ಬಿಟ್ಟುಬಿಡುವುದೂ ಒಂದು ದಾರಿ. ಮಾಂಟ್ರಿಯಲ್ ನಗರದ 1976ರ ಮುಖ್ಯ ಸ್ಟೇಡಿಯಂ ಸಾಲ ತೀರಲು 2006 ಬರಬೇಕಾಯಿತು, ಮೂವತ್ತು ವರ್ಷ. ಅದರ ಪಕ್ಕದಲ್ಲೇ ಸೈಕಲ್ ರೇಸಿನ ಅಂಗಣವಿತ್ತು, ನಡುವೆ ಕಂಬಗಳಿಲ್ಲದ ವಿಶಾಲ ಜಾಗ, ಚಾವಣಿಯಿಂದ ಇಳಿಯುವ ಬೆಳಕು. ಸೈಕಲ್ಲಿಗೆ ಜನ ಬರಲಿಲ್ಲ. ಕಾಡಿಗೆ ಬೇಕಾದ್ದೂ ಅದೇ ಎತ್ತರ, ಅದೇ ಬೆಳಕು! ಒಳಗೆ ಬೇರೆ ಬೇರೆ ಹವೆಯ ಕೋಣೆಗಳನ್ನು ಮಾಡಿ 1992ರಲ್ಲಿ ಬಯೋಡೋಮ್, ಅಂದರೆ ಗಿಡಮರ, ಪ್ರಾಣಿಗಳು ಬದುಕುವ ಒಳಾಂಗಣ, ತೆರೆದರು. ಸೈಕಲ್ ಓಡಿದ ಜಾಗದಲ್ಲಿ ಈಗ ಒಂದು ಕಡೆ ಮಳೆಕಾಡು, ಇನ್ನೊಂದು ಕಡೆ ಪೆಂಗ್ವಿನ್‌ಗಳು.