ಆಕಾಶದ ಚುಕ್ಕೆಗೆ ಗ್ಯಾರಂಟಿ ಎಷ್ಟು?

ಸ್ಯಾಟಲೈಟ್ ಟ್ರ್ಯಾಕಿಂಗ್‌ನಲ್ಲಿ ಕೆಲಸ ಅಂದ ತಕ್ಷಣ ಮದುವೆ ಮನೆಗಳಲ್ಲಿ ನೆಂಟರು ಕೇಳೋ ಮೊದಲ ಪ್ರಶ್ನೆ, "ಹಂಗಾದ್ರೆ ಎಲ್ಲಾ ನಿಮ್ಗೆ ಸ್ಕ್ರೀನ್ ಮೇಲೆ ಲೈವ್ ಕಾಣುತ್ತಾ?" ಕಾಣಲ್ಲ. ಭೂಮಿ ಸುತ್ತ ಸಾವಿರಾರು ಚುಕ್ಕೆ ಓಡ್ತಿರೋ ಚಂದದ ಮ್ಯಾಪ್ ಇರುತ್ತಲ್ಲ, ಅದರಲ್ಲಿ ಹೆಚ್ಚುಕಮ್ಮಿ ಎಲ್ಲಾ ಚುಕ್ಕೆನೂ ಲೆಕ್ಕ ಹಾಕಿ ಕೂರಿಸಿರೋದು. ಯಾವುದೋ ರೇಡಾರ್ ನಿನ್ನೆ ರಾತ್ರಿ ಅದನ್ನ ಒಂದೆರಡು ನಿಮಿಷ ನೋಡಿರುತ್ತೆ, ಮಿಕ್ಕಿದ್ದೆಲ್ಲ ಗಣಿತ.

ಆ ಗಣಿತ ತಪ್ಪೋದು ಎಲ್ಲಿ ಅಂದ್ರೆ, 500-600 ಕಿಮೀ ಎತ್ತರದಲ್ಲಿ ಒಂದು ಸ್ಯಾಟಲೈಟ್ ಸೆಕೆಂಡಿಗೆ ಸುಮಾರು 7.5 ಕಿಮೀ ಓಡುತ್ತೆ, ಬೆಂಗಳೂರಿಂದ ಮೈಸೂರಿಗೆ 20 ಸೆಕೆಂಡ್. ಟೈಮಿಂಗ್‌ನಲ್ಲಿ ಬರೀ 0.1 ಸೆಕೆಂಡ್ ಎಡವಟ್ಟಾದ್ರೆ 750 ಮೀಟರ್ ಆಚೆ ಈಚೆ. ಬಿಎಂಟಿಸಿ ಬಸ್ ಥರ, ರೂಟ್ ತಪ್ಪಲ್ಲ, ಟೈಮ್ ತಪ್ಪುತ್ತೆ. ಕಾರಣ ಗಾಳಿ. ಅಷ್ಟು ಮೇಲೂ ಚೂರು ಗಾಳಿ ಇದೆ, ಸೂರ್ಯ ಸಿಟ್ಟಾದಾಗ, ಅಂದ್ರೆ ಸೌರ ಬಿರುಗಾಳಿ ಎದ್ದಾಗ, ಅದು ಉಬ್ಬುತ್ತೆ. 2022ರ ಫೆಬ್ರವರಿಯಲ್ಲಿ ಆಗ ತಾನೇ ಹಾರಿಸಿದ 49 ಸ್ಟಾರ್‌ಲಿಂಕ್ ಇಂಟರ್ನೆಟ್ ಸ್ಯಾಟಲೈಟ್‌ಗಳಲ್ಲಿ ಹೆಚ್ಚಿನವು ಹಿಂಗೇ ಬಿದ್ದು ಸುಟ್ಟುಹೋದ್ವು. 2024ರ ಮೇನಲ್ಲಿ ಅಂಥದ್ದೇ ಬಿರುಗಾಳಿ ಎದ್ದಾಗ ಲಡಾಖ್‌ನ ಹಾನ್ಲೆಯಿಂದ ಬಂದ ಕೆಂಪು ಆಕಾಶದ ಫೋಟೋ ನೋಡಿ ಎಲ್ರೂ ವಾವ್ ಅಂತಿದ್ರೆ ನಮ್ಮಂಥೋರು ಆ ವೀಕೆಂಡ್ ಪೂರ್ತಿ ಹಳೇ ಲೆಕ್ಕ ಎಲ್ಲ ಎಸೆದು ಹೊಸದಾಗಿ ಹಾಕ್ತಾ ಕೂತಿದ್ವಿ. ಇಲ್ಲೊಂದು ತಮಾಷೆ ಇದೆ, ಗಾಳಿ ತಡೆದ್ರೆ ವಸ್ತು ಲೇಟಾಗಬೇಕು ಅಂತ ಅನ್ಸುತ್ತೆ ಅಲ್ವಾ, ಆದ್ರೆ ಅದು ಕೆಳಗಿಳಿಯುತ್ತೆ, ಕೆಳಗಿನ ಸುತ್ತು ಚಿಕ್ಕದು, ವೇಗನೂ ಜಾಸ್ತಿ, ಹಂಗಾಗಿ ಬೇಗ ಬರುತ್ತೆ.

ಸರಿ, ಎರಡು ವಸ್ತು ಹತ್ತಿರ ಬರ್ತಿದಾವೆ ಅಂತ ಅಲರ್ಟ್ ಬಂತು ಅಂದ್ಕೊಳ್ಳಿ. ಅದರಲ್ಲಿ ಎಲ್ರೂ ನೋಡೋದು ಎರಡು ಅಂಕಿ, ಎಷ್ಟು ಹತ್ತಿರ ಬರುತ್ತೆ, ಡಿಕ್ಕಿ ಆಗೋ ಚಾನ್ಸ್ ಎಷ್ಟು. ಸಾಮಾನ್ಯವಾಗಿ 10,000ಕ್ಕೆ 1 ದಾಟಿದ್ರೆ ಸ್ಯಾಟಲೈಟ್ ಸರಿಸೋ ಮಾತು ಶುರುವಾಗುತ್ತೆ. ನಾನು ಹೊಸದಾಗಿ ಸೇರಿದಾಗ 10 ಲಕ್ಷಕ್ಕೆ 1 ಅಂತ ಬಂದಿದ್ದ ಅಲರ್ಟ್ ಒಂದನ್ನ ಏನೂ ಇಲ್ಲ ಬಿಡಿ ಅಂತ ಕ್ಲೋಸ್ ಮಾಡಿ ಚೆನ್ನಾಗಿ ಬೈಸ್ಕೊಂಡಿದ್ದೆ, ಯಾಕಂದ್ರೆ ಡಿಕ್ಕಿ ಹೊಡೀಬಹುದಾಗಿದ್ದ ಆ ಕಸದ ಚೂರು ಎಲ್ಲಿದೆ ಅಂತಾನೇ ಸರಿಯಾಗಿ ಗೊತ್ತಿರ್ಲಿಲ್ಲ. ಹತ್ತು ಎಕರೆ ಹೊಲದಲ್ಲಿ ಎಲ್ಲೋ ಒಂದು ಹಾವಿದೆ ಅಂದ್ರೆ ನೀವು ಕಾಲಿಡೋ ಜಾಗದಲ್ಲೇ ಇರೋ ಚಾನ್ಸ್ ತೀರಾ ಕಮ್ಮಿ, ಈ ಬದುವಿನ ಪಕ್ಕದಲ್ಲೇ ಇದೆ ಅಂದ್ರೆ ಜಾಸ್ತಿ. ಹಾವು ಮಾತ್ರ ಇದ್ದಲ್ಲೇ ಇದೆ. ಅಂದ್ರೆ ನಮಗೆ ಗೊತ್ತಿಲ್ಲದಷ್ಟೂ ಪೇಪರ್ ಮೇಲೆ ಸೇಫ್ ಕಾಣುತ್ತೆ, ಈ ಕೆಲಸದಲ್ಲಿ ಇದಕ್ಕಿಂತ ಕೆಟ್ಟ ಮೋಸ ನಾನು ನೋಡಿಲ್ಲ. 2009ರ ಫೆಬ್ರವರಿ 10ಕ್ಕೆ ಕೆಲಸ ಮಾಡ್ತಿದ್ದ ಅಮೆರಿಕದ ಸ್ಯಾಟಲೈಟ್ ಇರಿಡಿಯಂ 33 ಮತ್ತು ಸತ್ತು ಬಿದ್ದಿದ್ದ ರಷ್ಯಾದ ಕಾಸ್ಮಾಸ್ 2251 ಸೈಬೀರಿಯಾ ಮೇಲೆ ಡಿಕ್ಕಿ ಹೊಡೆದ್ವಲ್ಲ, ಪಬ್ಲಿಕ್ ಡೇಟಾದಿಂದ ಹಾಕಿದ್ದ ಲೆಕ್ಕದ ಪ್ರಕಾರ ಅವು 584 ಮೀಟರ್ ದೂರದಲ್ಲಿ ಪಾಸಾಗಬೇಕಿತ್ತು, ಆ ದಿನದ ಡೇಂಜರ್ ಲಿಸ್ಟ್‌ನಲ್ಲಿ ಅದು ಮೊದಲನೇದೂ ಆಗಿರ್ಲಿಲ್ಲ.

ಹಂಗಾಗಿ ಈ ಫೀಲ್ಡ್‌ನ ಕಂಪನಿಗಳು ನಿಜವಾಗಿ ಮಾರೋದು ಮ್ಯಾಪ್ ಅಲ್ಲ, ಹೊಲ ಚಿಕ್ಕದು ಮಾಡೋ ಕೆಲಸ. ಪದೇ ಪದೇ ನೋಡ್ಬೇಕು, ಅಷ್ಟೇ. ಅಮೆರಿಕದ ಲಿಯೋಲ್ಯಾಬ್ಸ್ ಅಲಾಸ್ಕಾ, ಟೆಕ್ಸಾಸ್, ನ್ಯೂಜಿಲೆಂಡ್, ಕೋಸ್ಟರಿಕಾ ಅಂತ ರೇಡಾರ್ ಹಾಕ್ಕೊಂಡು ಕೂತಿದೆ. ರೇಡಾರ್‌ಗೆ ಮೋಡ ಲೆಕ್ಕಕ್ಕಿಲ್ಲ, ಆದ್ರೆ ದೂರ ಎರಡು ಪಟ್ಟಾದ್ರೆ ವಾಪಸ್ ಬರೋ ಸಿಗ್ನಲ್ 16ರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಟೆಲಿಸ್ಕೋಪ್ ಅಗ್ಗ, ಆದ್ರೆ ಕೆಳಗಿನ ಕಕ್ಷೆಯ ವಸ್ತುಗಳು ಅದಕ್ಕೆ ಸಿಗೋದು ಹೆಚ್ಚಾಗಿ ಮುಸ್ಸಂಜೆ ಮತ್ತು ಬೆಳಗಿನ ಜಾವ, ನಮ್ಮ ಕಡೆ ಜೂನ್ ಬಂತಂದ್ರೆ ಅದೂ ಗೋವಿಂದ. ಬೆಂಗಳೂರಿನ ದಿಗಂತರ ಅನ್ನೋ ಕಂಪನಿ ಅದಕ್ಕೇ ಕ್ಯಾಮೆರಾನೇ ಮೇಲೆ ಕಳಿಸಿತು, 2025ರ ಜನವರಿಯಲ್ಲಿ ಸ್ಪೇಸ್‌ಎಕ್ಸ್ ರಾಕೆಟ್‌ನಲ್ಲಿ ಹೋದ ಸ್ಕಾಟ್ ಅನ್ನೋ ಸ್ಯಾಟಲೈಟ್. ಅಲ್ಲಿ ಮಳೆಗಾಲ ಇಲ್ಲ. ಇನ್ನು ಇಸ್ರೋದವರು ಚಂದ್ರಯಾನ-3ನ್ನ 4 ಸೆಕೆಂಡ್ ತಡ ಮಾಡಿ ಹಾರಿಸಿದ್ದು ಇದೇ ಥರದ ಲೆಕ್ಕ ನೋಡಿಯೇ.

ಡಿಫೆನ್ಸ್‌ನವರಿಗೆ ಯಾಕೆ ಬೇಕು ಅಂತೀರಾ? ಡೇಟಾ ಅದೇ, ಪ್ರಶ್ನೆ ಬೇರೆ. ಅವರಿಗೆ ಬೇಕಿರೋದು ಯಾರು ಯಾರ ಪಕ್ಕ ಹೋಗಿ ನಿಂತ್ರು ಅನ್ನೋದು. ರಷ್ಯಾದ ಲೂಚ್ ಅನ್ನೋ ಸ್ಯಾಟಲೈಟ್ 2015ರಲ್ಲಿ ಇಂಟೆಲ್‌ಸ್ಯಾಟ್ ಅನ್ನೋ ಕಂಪನಿಯ ಎರಡು ಸ್ಯಾಟಲೈಟ್‌ಗಳ ಮಧ್ಯೆ ತಿಂಗಳುಗಟ್ಟಲೆ ಬೀಡುಬಿಟ್ಟಿತ್ತು, ಬಾಗಿಲ ಸಂದಿಯಲ್ಲಿ ಕಿವಿ ಇಟ್ಟೋರ ಥರ. ಅಮೆರಿಕ ಫ್ರೀಯಾಗಿ ಕೊಡೋ ಲಿಸ್ಟ್‌ನಲ್ಲಿ ಅವರದೇ ಬೇಹುಗಾರಿಕೆ ಸ್ಯಾಟಲೈಟ್‌ಗಳ ಕಕ್ಷೆ ಇರಲ್ಲ, ಹಂಗಾಗಿ ಪ್ರತಿ ದೇಶಕ್ಕೂ ಸ್ವಂತ ಕಣ್ಣು ಬೇಕು.

ಒಂದು ರಾತ್ರಿ ಹಿಂಗೇ ಆಯ್ತು. ಸುಮಾರು 600 ಕಿಮೀ ಎತ್ತರದ ಒಂದು ವಸ್ತು, ಟೆಲಿಸ್ಕೋಪ್ ಫ್ರೇಮಿಗೆ ಬರ್ಬೇಕಾದ ಟೈಮಿಗೆ ಬರ್ಲಿಲ್ಲ. ಗಡಿಯಾರ ಚೆಕ್ ಮಾಡಿದ್ವಿ, ಸರಿ ಇತ್ತು, ಕೋಡ್‌ನಲ್ಲಿ ಬಗ್ ಇರ್ಬೇಕು ಅಂತ ಹುಡುಕೋಕೆ ಶುರು ಮಾಡೋ ಹೊತ್ತಿಗೆ ಒಂದು ಗೆರೆ ಹಾದುಹೋಯ್ತು, 40 ಸೆಕೆಂಡ್ ತಡವಾಗಿ. ಪಕ್ಕದಲ್ಲಿದ್ದ ಹುಡುಗ "ಗಾಳಿ ಇರ್ಬೋದಾ ಸರ್?" ಅಂದ. ಗಾಳಿ ಆಗಿದ್ರೆ ಬೇಗ ಬರ್ತಿತ್ತು ಕಣೋ ಅಂದೆ. ಹಿಂದಿನ ಸಲ ನೋಡಿದ ಮೇಲೆ ಹನ್ನೆರಡು ತಾಸಲ್ಲಿ 40 ಸೆಕೆಂಡ್ ಲೇಟಾಗಿದೆ ಅಂದ್ರೆ ಯಾರೋ ಇಂಜಿನ್ ಆನ್ ಮಾಡಿ ಅದನ್ನ ಮೇಲಕ್ಕೆ ಎತ್ತಿದಾರೆ.