ಸೆಕೆಂಡ್ ಡೆರಿವೇಟಿವ್ ಗ್ರಾಫ್‌ನಿಂದ ಎಫ್ ಹೇಗಿದೆ ಅಂತ ಹೇಳುವುದು: ಆಲಮಟ್ಟಿ ಲೆಕ್ಕದ ಜೊತೆ

ಪಿಯುಸಿಯಲ್ಲಿ ಸಾಮಾನ್ಯವಾಗಿ ಎಫ್ ಅನ್ನೋ ಫಂಕ್ಷನ್ ಕೊಟ್ಟು ಎಫ್ ಡಬಲ್ ಪ್ರೈಮ್, ಅಂದರೆ ಅದರ ಸೆಕೆಂಡ್ ಡೆರಿವೇಟಿವ್ ಕೇಳುತ್ತಾರೆ. ಅದು ಸಲೀಸು. ಇದು ಉಲ್ಟಾ ಲೆಕ್ಕ. ಎಫ್ ಡಬಲ್ ಪ್ರೈಮ್‌ನ ಗ್ರಾಫ್ ಮಾತ್ರ ಕೈಯಲ್ಲಿದೆ, ಎಫ್ ಹೇಗೆ ನಡೆಯುತ್ತದೆ ಅಂತ ಹೇಳಬೇಕು.

ಗ್ರಾಫ್ ಎಕ್ಸ್ ಅಕ್ಷಕ್ಕಿಂತ ಮೇಲಿದ್ದರೆ ಎಫ್ ಕಾನ್ಕೇವ್ ಅಪ್ (ಬಟ್ಟಲಿನಂತೆ ಮೇಲಕ್ಕೆ ಬಾಗಿರುತ್ತದೆ), ಕೆಳಗಿದ್ದರೆ ಕಾನ್ಕೇವ್ ಡೌನ್ (ಬೋರಲು ಬಟ್ಟಲಿನಂತೆ). ಇದು ಎಲ್ಲರಿಗೂ ಗೊತ್ತು.

ತೊಡಕು ಇರುವುದು ಮುಂದಿನ ಹೆಜ್ಜೆಯಲ್ಲಿ. ಗ್ರಾಫ್ ಅಕ್ಷದ ಕೆಳಗಿದ್ದರೆ ಎಫ್ ಇಳಿಯುತ್ತಿದೆ ಅಂತ ಕಣ್ಣು ಹೇಳುತ್ತದೆ. ಕಣ್ಣನ್ನು ನಂಬಬೇಡಿ. ಇಳಿಯುತ್ತಿರುವುದು ಎಫ್ ಪ್ರೈಮ್ (ಮೊದಲ ಡೆರಿವೇಟಿವ್, ಎಫ್ ಬದಲಾಗುವ ವೇಗ), ಎಫ್ ಅಲ್ಲ.

ನಮ್ಮ ಬಾಗಲಕೋಟೆ ಕಡೆ ಮಳೆಗಾಲ ಬಂತೆಂದರೆ ಎಲ್ಲರ ಬಾಯಲ್ಲೂ ಆಲಮಟ್ಟಿ ಲೆಕ್ಕವೇ, ಅಲ್ವಾ? ಅದನ್ನೇ ತಗೊಳ್ಳೋಣ. ಜಲಾಶಯದಲ್ಲಿರುವ ನೀರು ಎಫ್. ಒಳಹರಿವಿನಲ್ಲಿ ಹೊರಹರಿವು ಕಳೆದರೆ ಎಫ್ ಪ್ರೈಮ್. ಆ ವ್ಯತ್ಯಾಸ ಎಷ್ಟು ಬೇಗ ಏರುತ್ತಿದೆ ಅಥವಾ ಇಳಿಯುತ್ತಿದೆ ಅನ್ನುವುದು ಎಫ್ ಡಬಲ್ ಪ್ರೈಮ್. ನಿನ್ನೆ ಒಳಹರಿವು 1 ಲಕ್ಷ ಕ್ಯೂಸೆಕ್ (ಸೆಕೆಂಡಿಗೆ ಘನ ಅಡಿ), ಇವತ್ತು 80 ಸಾವಿರ ಅಂದುಕೊಳ್ಳಿ. ಹೊರಹರಿವು ಎರಡೂ ದಿನ 42 ಸಾವಿರ. ವ್ಯತ್ಯಾಸ 58 ಸಾವಿರ ಇದ್ದದ್ದು 38 ಸಾವಿರಕ್ಕೆ ಬಂತು, ಅಂದರೆ ಡಬಲ್ ಪ್ರೈಮ್ ಮೈನಸ್. ಪೇಪರಿನಲ್ಲಿ ‘ಒಳಹರಿವು ಇಳಿಕೆ’ ಅಂತ ಬರುತ್ತದೆ. ಹಾಗಂತ ಡ್ಯಾಮಿನ ನೀರು ಇಳಿಯಿತಾ? 11,574 ಕ್ಯೂಸೆಕ್ ಇಡೀ ದಿನ ಹರಿದರೆ ಸುಮಾರು 1 ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಆ ಲೆಕ್ಕಕ್ಕೆ ಇವತ್ತೂ ಹತ್ತಿರಹತ್ತಿರ 3.3 ಟಿಎಂಸಿ ಜಾಸ್ತಿಯೇ ಆಯಿತು. ತುಂಬುವ ವೇಗ ತಗ್ಗಿತು, ತುಂಬುವುದು ನಿಂತಿಲ್ಲ. ಪೇಪರಿನ ಆ ಸಾಲು ಡಬಲ್ ಪ್ರೈಮ್ ಸುದ್ದಿ. ಹಿನ್ನೀರಿನ ಪಕ್ಕ ಹೊಲ ಇರುವವರಿಗೆ ಬೇಕಾದದ್ದು ಎಫ್ ಸುದ್ದಿ.

ಈಗ ಒಂದು ಗ್ರಾಫ್ ಬಿಡಿಸಿ. ಎಫ್ ಡಬಲ್ ಪ್ರೈಮ್ = (ಎಕ್ಸ್ − 1)(ಎಕ್ಸ್ − 4)². ಇದು 1ರ ತನಕ ಅಕ್ಷದ ಕೆಳಗಿದೆ. 1ರಲ್ಲಿ ದಾಟಿ, 2ರಲ್ಲಿ 4ರ ಎತ್ತರ ಮುಟ್ಟಿ, ಮತ್ತೆ ಇಳಿಯುತ್ತದೆ. 4ರಲ್ಲಿ ಅಕ್ಷವನ್ನು ಸುಮ್ನೆ ಮುಟ್ಟಿ ವಾಪಸ್ ಏರುತ್ತದೆ.

ಇನ್‌ಫ್ಲೆಕ್ಷನ್ ಪಾಯಿಂಟ್, ಅಂದರೆ ಎಫ್‌ನ ಬಾಗು ದಿಕ್ಕು ಬದಲಿಸುವ ಜಾಗ, 1ರಲ್ಲಿ ಮಾತ್ರ. 4ರಲ್ಲೂ ಸೊನ್ನೆ ಇದೆ, ಆದರೆ ಎರಡೂ ಕಡೆ ಪ್ಲಸ್. ಮುಟ್ಟಿದರೆ ಸಾಲದು, ದಾಟಬೇಕು.

2ರ ಶಿಖರ ನೋಡಿ ಎಫ್‌ಗೂ ಅಲ್ಲಿ ಶಿಖರ ಅಂತ ಬರೆದುಬಿಡುತ್ತೇವೆ. ಡಬಲ್ ಪ್ರೈಮ್ ಅಲ್ಲಿ ಪ್ಲಸ್ 4. ಅಂಥ ಕಡೆ ಎಫ್‌ಗೆ ಗರಿಷ್ಠ ಬರಲು ಸಾಧ್ಯವೇ ಇಲ್ಲ.

ಹಾಗಾದರೆ ಎಫ್ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ? ಬರೀ ಈ ಗ್ರಾಫಿನಿಂದ ಗೊತ್ತಾಗುವುದಿಲ್ಲ. ಎಫ್ ಪ್ರೈಮ್‌ನ ಒಂದು ಬೆಲೆಯಾದರೂ ಬೇಕು. ಅದೊಂದು ಸಿಕ್ಕರೆ ಉಳಿದದ್ದನ್ನು ವಿಸ್ತೀರ್ಣದಿಂದ ತೆಗೆಯಬಹುದು, ನನಗೆ ಇಷ್ಟವಾದ ದಾರಿ ಇದು. ಗ್ರಾಫ್‌ಗೂ ಅಕ್ಷಕ್ಕೂ ನಡುವಿನ ವಿಸ್ತೀರ್ಣವೇ ಎಫ್ ಪ್ರೈಮ್‌ನಲ್ಲಿ ಆದ ಬದಲಾವಣೆ. ಅಕ್ಷದ ಕೆಳಗಿದ್ದರೆ ಮೈನಸ್. ನಮ್ಮ ಗ್ರಾಫಿನಲ್ಲಿ 0ಯಿಂದ 1ರವರೆಗೆ ಮೈನಸ್ 6.75, 1ರಿಂದ 2ರವರೆಗೆ ಪ್ಲಸ್ 2.75, 1ರಿಂದ 4ರವರೆಗೆ ಪ್ಲಸ್ 6.75.

1ರಲ್ಲಿ ಎಫ್ ಪ್ರೈಮ್‌ನ ಬೆಲೆ 1 ಅಂತ ಕೊಟ್ಟರೆ ಕೆಲಸ ಮುಗಿಯಿತು. ಅದರ ಕನಿಷ್ಠ ಬೆಲೆ ಅದೇ, ಏಕೆಂದರೆ 1ರ ತನಕ ಇಳಿದು ಆಮೇಲೆ ಏರುತ್ತದೆ. ಕನಿಷ್ಠವೇ ಪ್ಲಸ್ ಆದ ಮೇಲೆ ಎಫ್ ಎಲ್ಲೂ ಇಳಿಯುವುದಿಲ್ಲ.

ಅಲ್ಲೇ ಮೈನಸ್ 3 ಕೊಟ್ಟರೆ ಕಥೆಯೇ ಬೇರೆ. 0ಯಲ್ಲಿ ಎಫ್ ಪ್ರೈಮ್ 3.75, 1ರಲ್ಲಿ ಮೈನಸ್ 3. ಹಾಗಾಗಿ ನಡುವೆ ಎಲ್ಲೋ ಸೊನ್ನೆ ದಾಟಿದೆ, ಅಲ್ಲಿ ಎಫ್‌ಗೆ ಗರಿಷ್ಠ. 2ರಲ್ಲಿ ಇನ್ನೂ ಮೈನಸ್ 0.25, ಎಫ್ ಇಳಿಯುತ್ತಲೇ ಇದೆ. ಸ್ವಲ್ಪ ಮುಂದೆ, 2.06ರ ಹತ್ತಿರ ಕನಿಷ್ಠ. 4ರಲ್ಲಿ ಮತ್ತೆ 3.75. ಎರಡು ಎಫ್‌ಗೂ ಡಬಲ್ ಪ್ರೈಮ್ ಗ್ರಾಫ್ ಒಂದೇ, ಗೆರೆ ಕೂಡ ಆಚೀಚೆ ಇಲ್ಲ.

ಮೈನಸ್ 3ರ ಬದಲು ಮೈನಸ್ 2.75 ಹಾಕಿ ನೀವೇ ಬಿಡಿಸಿ ನೋಡಿ. ಕನಿಷ್ಠ ಸರಿಯಾಗಿ 2ರಲ್ಲಿ, ಡಬಲ್ ಪ್ರೈಮ್‌ನ ಶಿಖರ ಇರುವಲ್ಲೇ ಬಂದು ಕೂರುತ್ತದೆ. ಅದರಿಂದ ಹೊಸ ನಿಯಮ ಮಾಡಿಕೊಳ್ಳಬೇಡಿ, ಹಾಗೆ ಬರಲಿ ಅಂತಲೇ ಆ ಸಂಖ್ಯೆ ಆರಿಸಿದ್ದು.